ಮುದಿ ಕರಡಿಯ ಹಿಂದಿನ ಕಥೆ

ಈ ಬೇಸಿಗೆಯ ಆರಂಭದಲ್ಲಿ ಒಂದು ಸಂಜೆ ಅರಭಾವಿಯಲ್ಲಿ ಮನೆಗೆ ಹೋಗಲು ಮೂಡಲಗಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ವಿದ್ಯಾರ್ಥಿಯ ಮೊಬೈಲಿನಿಂದ ಒಂದು ಸಿಳ್ಳೆ ಕೇಳಿಸಿತು. ಸರಿಯಾದ ಸಿಳ್ಳೆಯಲ್ಲ. ಜೋರಾಗಿ ಏರಿ, ನಡುವೆ ಗಾಳಿ ಸೋರಿ, ಎಲ್ಲಿ ಮುಗಿಯಬೇಕೆಂದು ತಿಳಿಯದೆ ನಿಂತುಬಿಡುವ ಸಿಳ್ಳೆ. ಹದಿನೈದು ವರ್ಷಗಳಿಂದ ಬಚ್ಚಲಮನೆಯಲ್ಲಿ ನಾನೇ ಹಾಕುತ್ತ ಬಂದ ಸಿಳ್ಳೆ ಅದು. ಗುರುತು ಹತ್ತದೆ ಇರುತ್ತದೆಯೇ?

"ಏನ್ ನೋಡಾಕತ್ತೀಪಾ ಅದು?" ಎಂದು ಕೇಳಿದೆ.

"ಕಾರ್ಟೂನ್ ಪಿಚ್ಚರ್ರಿ ಸರ್. ಮೊದಲ ಒಂದು ಕರಡಿದು ಬಂದಿತ್ತಲ್ರಿ, ಅದರ ಹಿಂದಿನ ಕತಿ. ಪ್ರೀಕ್ವೆಲ್ ಅಂತಾರ್ರಿ."

"ಅಂದ್ರ ಕರಡಿ ಹರೇದಾಗಿದ್ದಾಗಿಂದು?"

"ಹೌದ್ರಿ." ಅವನು ನನ್ನ ಬೋಳು ತಲೆಯನ್ನೂ ಕೈಯಲ್ಲಿನ ಊಟದ ಡಬ್ಬಿಯನ್ನೂ ಒಮ್ಮೆ ನೋಡಿದ. "ನೀವೂ ಇಂಥಾವು ನೋಡ್ತೀರೇನ್ರಿ?"

ಕಾಲೇಜಿನ ಆಫೀಸಿನಲ್ಲಿ ಕಾರಕೂನನಾಗಿರುವ ನಲವತ್ತಾರರ ಮನುಷ್ಯ ಒಂದು ಕಾರ್ಟೂನ್ ಕರಡಿಯ ಬಗ್ಗೆ ಯಾಕೆ ಇಷ್ಟು ವಿಚಾರಿಸುತ್ತಾನೆ ಎಂಬುದನ್ನು ಬಸ್ಸು ಬರುವುದರೊಳಗೆ ಹೇಳಿ ಮುಗಿಸುವಂತಿರಲಿಲ್ಲ. ನಿಮಗಾದರೆ ಹೇಳಬಹುದು. ನಿಮಗೆ ಬಸ್ಸು ಹಿಡಿಯುವ ಅವಸರವಿಲ್ಲವಲ್ಲ.

ಮೊದಲಿನ ಕರಡಿಯನ್ನು ನಾನು ನೋಡಿದ್ದು ಗೋಕಾಕದ ಒಂದು ಟಾಕೀಸಿನಲ್ಲಿ. ಆಗ ನನ್ನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನನಗದು ಮೊದಲನೆಯ ಮದುವೆ, ಕಸ್ತೂರಿಗೆ ಎರಡನೆಯದು. ಗಂಡ ತೀರಿಕೊಂಡ ಹೆಣ್ಣುಮಗಳ ಮರುಮದುವೆಗೆ ನಮ್ಮ ಕಡೆ ಉಡಕಿ ಎನ್ನುತ್ತಾರೆ. ವಾಲಗವಿಲ್ಲ, ಹಂದರವಿಲ್ಲ, ಹಿರಿಯರು ಕೂತು, ಸೀರೆ ಕೊಟ್ಟು, ಊಟ ಮಾಡಿ ಎದ್ದರೆ ಮುಗಿಯಿತು. ತಲೆಗೂದಲು ಉದುರುತ್ತಿದೆ ಎಂಬ ಕಾರಣಕ್ಕೆ ಊರೂರಿನ ಹೆಣ್ಣುಗಳಿಂದ ಬ್ಯಾಡ ಅನ್ನಿಸಿಕೊಂಡಿದ್ದ ನನಗೆ ಅಷ್ಟು ಸದ್ದಿಲ್ಲದ ಮದುವೆಯೇ ಹಿತವಾಗಿತ್ತು. ಕಸ್ತೂರಿಯ ಜೊತೆಗೆ ಸವಿತಾ ಬಂದಳು. ಐದು ವರ್ಷದ ಹುಡುಗಿ. ಅವಳ ತಂದೆ ಭೀಮಶಿ ಹತ್ತರಗಿಯವನು. ಕಾಮಾಲೆಯಾಗಿ ತೀರಿಕೊಂಡಾಗ ಅವಳಿಗೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ.

ಸವಿತಾ ನನ್ನನ್ನು 'ಏನ್ರಿ' ಎಂದು ಕರೆಯುತ್ತಿದ್ದಳು. ಅವಳ ಅವ್ವ ಹಾಗೆ ಕರೆಯುತ್ತಿದ್ದಳಲ್ಲ, ಅದೇ ನನ್ನ ಹೆಸರೆಂದು ತಿಳಿದಿದ್ದಳು. "ಏನ್ರಿ, ಚಹಾ ಆಗೇತಂತ, ಬರ್ರಿ" ಎಂದು ಅಷ್ಟುದ್ದದ ಕೂಸು ಅಂಗಳದಿಂದ ಕೂಗಿದರೆ ಓಣಿಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಬ್ಬನೇ ಇದ್ದಾಗ ಆ ನಗು ಬರುತ್ತಿರಲಿಲ್ಲ.

ಒಂದು ರವಿವಾರ ಕಸ್ತೂರಿಯೇ, "ನೀವಿಬ್ಬರ ಎಲ್ಲೆರ ಅಡ್ಡ್ಯಾಡಿ ಬರ್ರಿ" ಎಂದು ನಮ್ಮನ್ನು ಬಸ್ಸು ಹತ್ತಿಸಿದಳು. ಗೋಕಾಕದಲ್ಲಿ ಇಳಿದ ಮೇಲೆ ಮಗುವಿನೊಡನೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಟಾಕೀಸಿನ ಹೊರಗೆ ಕರಡಿಯ ಚಿತ್ರವಿತ್ತು. ಕತ್ತಲೆಯಲ್ಲಿ ಮಾತಾಡುವ ಗೊಡವೆ ಇರುವುದಿಲ್ಲವೆಂದು ಒಳಗೆ ಹೊಕ್ಕೆವು.

ಹಿಂದಿಗೆ ಡಬ್ ಮಾಡಿದ ಸಿನಿಮಾ ಅದು. ಕತೆ ಇಷ್ಟೇ: ಹೊಳೆಯೊಂದರಲ್ಲಿ ಮುದಿ ಕರಡಿ ದೋಣಿ ನಡೆಸುತ್ತದೆ. ಮಹಾ ಸಿಡುಕ. ನೀರೆಂದರೆ ಅದಕ್ಕೆ ಅಂಜಿಕೆ. ತಲೆಯ ಮೇಲೆ ಅರ್ಧ ಹರಿದ ಟೊಪ್ಪಿಗೆ, ಬಾಯಲ್ಲಿ ಆ ಅಪಸ್ವರದ ಸಿಳ್ಳೆ. ಒಂದು ದಿನ ಯಾರೂ ಇಲ್ಲದ ಬಾತುಕೋಳಿಯ ಮರಿ ದೋಣಿ ಹತ್ತುತ್ತದೆ. ಆಚೆ ದಂಡೆ ಬಂದರೂ ಇಳಿಯುವುದಿಲ್ಲ. ಕರಡಿ ಗದರಿಸುತ್ತದೆ, ಮರಿ ಇಳಿಯುವುದಿಲ್ಲ. ಮರುದಿನವೂ ಇಳಿಯುವುದಿಲ್ಲ. ಕರಡಿಗೆ ಟೊಪ್ಪಿಗೆ ಯಾಕೆ ಹರಿಯಿತು, ನೀರಿಗೆ ಅಂಜುವವನು ದೋಣಿ ಯಾಕೆ ನಡೆಸುತ್ತಾನೆ, ಇವನ್ನೆಲ್ಲ ಸಿನಿಮಾ ಹೇಳುವುದೇ ಇಲ್ಲ. ಮರಿ ಕೇಳಿದರೆ ಕರಡಿ ಹುಟ್ಟು ಹಾಕುತ್ತ ಸುಮ್ಮನಿರುತ್ತದೆ.

ಮಧ್ಯಂತರ ಮುಗಿದು ದೀಪ ಆರಿ ಸ್ವಲ್ಪ ಹೊತ್ತಾಗಿತ್ತು. ಸವಿತಾ ನನ್ನ ಅಂಗಿಯ ತೋಳು ಜಗ್ಗಿದಳು. ಕಣ್ಣು ಪರದೆಯ ಮೇಲೇ ಇತ್ತು.

"ಅಪ್ಪಾ, ನನಗ ಒಂದಕ್ಕ ಬಂದೈತಿ."

ಜಗತ್ತಿನಲ್ಲಿ ಎಷ್ಟೋ ಜನ ತಂದೆಯರಾಗಿದ್ದಾರೆ. ನನ್ನ ಹಾಗೆ ಈ ವಾಕ್ಯದಿಂದ ಆದವರು ಕಡಿಮೆಯಿರಬೇಕು. ಹೆಣ್ಣುಮಕ್ಕಳ ಕಡೆ ನಾನು ಹೋಗುವಂತಿರಲಿಲ್ಲ. ಪಕ್ಕದ ಕುರ್ಚಿಯ ಅಕ್ಕನಿಗೆ, "ನನ್ನ ಮಗಳನ್ನ ಸ್ವಲ್ಪ ಕರ್ಕೊಂಡ ಹೋಗಿ ಬರ್ರೆಕ್ಕಾ" ಎಂದು ಕೇಳಿಕೊಂಡೆ. 'ನನ್ನ ಮಗಳು' ಎಂದು ಹೊರಗಿನವರ ಮುಂದೆ ಹೇಳಿದ್ದೂ ಅದೇ ಮೊದಲು. ಅವರು ಮರಳಿ ಬರುವವರೆಗೆ ಬಾಗಿಲ ಹೊರಗೆ ನಿಂತಿದ್ದೆ. ಆಮೇಲೆ ಪರದೆಯ ಮೇಲೆ ಏನು ನಡೆಯಿತೋ, ನನ್ನ ತಲೆಗೆ ಹೋಗಲಿಲ್ಲ. ಆದರೂ ಅದಕ್ಕಿಂತ ದೊಡ್ಡ ಸಿನಿಮಾ ಇಲ್ಲ ಎಂದು ಇಂದಿಗೂ ವಾದಿಸುತ್ತೇನೆ.

ಸವಿತಾ ಬೆಳೆದಳು. ಅವಳಿಗೆ ಬುದ್ಧಿ ಬಂದಾಗ ಕಸ್ತೂರಿ ಭೀಮಶಿಯ ವಿಷಯ ತಿಳಿಸಿದಳು. ಹುಡುಗಿ ಕೇಳಿಸಿಕೊಂಡು ಆಡಲು ಹೋದಳು. ಮತ್ತೆ ಎಂದೂ ವಿಚಾರಿಸಲಿಲ್ಲ. ಹತ್ತರಗಿಯವರಿಗೆ ಉಡಕಿ ಮನಸ್ಸಿಗೆ ಬಂದಿರಲಿಲ್ಲವಾದ್ದರಿಂದ ಹೋಗುವುದು ಬರುವುದು ನಿಂತಿತ್ತು. ನಮ್ಮ ಮನೆಯಲ್ಲಿ ಆ ಊರಿನ ಹೆಸರು ಏಳುತ್ತಿರಲಿಲ್ಲ. ಸವಿತಾ ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜು ಸೇರಿದಾಗ ಮಾತ್ರ, ಅಲ್ಲಿಂದ ಹತ್ತರಗಿ ಬಹಳ ದೂರವಿಲ್ಲವಲ್ಲ ಎಂಬುದು ನನಗೆ ಹೊಳೆದಿತ್ತು. ಹೊಳೆದದ್ದನ್ನು ಯಾರಿಗೂ ಹೇಳಲಿಲ್ಲ.

ಪ್ರೀಕ್ವೆಲ್ಲನ್ನು ನಾವು ನೋಡಿದ್ದು ಮನೆಯ ಟಿವಿಯಲ್ಲಿ. ಸವಿತಾ ಹಾಸ್ಟೆಲಿನಿಂದ ಬಂದಿದ್ದಳು. ಅವಳೇ ಮೊಬೈಲನ್ನು ಟಿವಿಗೆ ಜೋಡಿಸಿದಳು. ಕಸ್ತೂರಿ ಶೇಂಗಾ ಸುಲಿಯುತ್ತ ಹಿಂದೆ ಕೂತಿದ್ದಳು.

ಮೊದಲಿಗೆ ಒಪ್ಪಿಕೊಳ್ಳುತ್ತೇನೆ: ನೋಡಲು ಚಂದವಿತ್ತು. ಹಳೆಯದರಲ್ಲಿ ಹೊಳೆಯ ನೀರು ನೀಲಿ ಹಾಸಿಗೆಯಂತೆ ಕಾಣುತ್ತಿತ್ತು. ಇಲ್ಲಿ ನೀರು ನೀರಿನಂತೆಯೇ ಇತ್ತು. ಕರಡಿಯ ಒಂದೊಂದು ಕೂದಲೂ ಗಾಳಿಗೆ ಅಲುಗುತ್ತಿತ್ತು. ಆದರೆ ಎಲ್ಲಕ್ಕೂ ಕಾರಣ ಕೊಡುವ ಚಟ ಆ ಸಿನಿಮಾಕ್ಕೆ. ಟೊಪ್ಪಿಗೆ ಹರಿದದ್ದು ಹೀಗೆ. ಸಿಳ್ಳೆ ಕೆಟ್ಟದ್ದು ಹೀಗೆ, ಹಲ್ಲು ಮುರಿದದ್ದಕ್ಕೆ. ದೋಣಿ ಮೊದಲು ಒಂದು ನೀರುನಾಯಿಯದಾಗಿತ್ತು. ಪ್ರವಾಹದಲ್ಲಿ ಕರಡಿಯನ್ನು ಬದುಕಿಸಿ ಅದು ಮುಳುಗಿತು. ಅಂದಿನಿಂದ ಕರಡಿಗೆ ನೀರಿನ ಅಂಜಿಕೆ, ದೋಣಿಯ ಹೊಣೆ. ಹಳೆಯ ಕರಡಿ ಸುಮ್ಮನೆ ಸಿಡುಕನಾಗಿತ್ತು, ನಮ್ಮ ಓಣಿಯ ಯಾವ ಮುದುಕನೂ ಇರುವ ಹಾಗೆ. ಇದರಲ್ಲಿ ಅದರ ಸಿಡುಕಿಗೂ ಸರ್ಟಿಫಿಕೇಟು ಹೊಂದಿಸಿಕೊಟ್ಟಿದ್ದರು.

ಮುಗಿದ ಮೇಲೆ ನಾನು ಇದನ್ನೆಲ್ಲ ಹೇಳಿದೆ. "ಹಳೇದರ ಮುಂದ ಇದು ಏನೂ ಅಲ್ಲ."

"ಅಪ್ಪಾ, ನೀ ಹಳೇದು ಪೂರ್ತಿ ನೋಡೇ ಇಲ್ಲ" ಎಂದಳು ಸವಿತಾ.

"ನೋಡಿದಷ್ಟರ ಮ್ಯಾಲೇ ಹೇಳಾಕತ್ತೇನಿ."

"ಹಳೇದರಷ್ಟ ಚಲೋ ಇಲ್ಲ, ಖರೆ. ಆದ್ರ ನನಗ ನೀರುನಾಯಿ ಸೇರ್ತು. ಅದು ಇತ್ತು ಅಂತ ಗೊತ್ತಾಗಿದ್ದ ಚಲೋ ಆತು."

"ಗೊತ್ತಾಗಿ ಏನಾತು? ಕರಡಿ ಕರಡೀನ."

"ಕರಡಿ ಕರಡೀನಪಾ. ಅದಕ್ಕೇನೂ ಕಡಿಮಿ ಆಗಲಿಲ್ಲಲ್ಲ." ಅವಳು ಸ್ವಲ್ಪ ಹೊತ್ತು ಮೊಬೈಲಿನ ತಂತಿ ಸುತ್ತುತ್ತ ಕೂತಳು. ಆಮೇಲೆ ತಲೆಯೆತ್ತದೆ, "ಅಪ್ಪಾ, ಒಮ್ಮೆ ಹತ್ತರಗಿಗೆ ಹೋಗೂಣು?" ಎಂದಳು.

ಹಿಂದೆ ಶೇಂಗಾ ಸುಲಿಯುವ ಸದ್ದು ನಿಂತಿತು. ನಾನು ಕಸ್ತೂರಿಯ ಮುಖ ನೋಡಿದೆ. ಅವಳು ಸಿಪ್ಪೆಯನ್ನು ಮೊರಕ್ಕೆ ಹಾಕಿಕೊಂಡು ಎದ್ದು, "ಹೋಗಿ ಬರ್ರಿ. ನಾ ಬರಂಗಿಲ್ಲ" ಎಂದು ಒಳಗೆ ಹೋದಳು.

ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದುದು ಒಂದೇ ಶಬ್ದ. ಅಲ್ಲಿ ಹೋದಮೇಲೆ ಸವಿತಾ ಭೀಮಶಿಗೆ ಏನೆನ್ನುತ್ತಾಳೆ? ಅಪ್ಪ ಎಂದರೆ ನಾನು ಯಾರು? ಅಪ್ಪ ಅನ್ನದಿದ್ದರೆ ಅವನ ತಾಯಿಗೆ ಏನೆನಿಸೀತು? ಸವಿತಾ ಕಿಟಕಿಯ ಪಕ್ಕ ನಿಶ್ಚಿಂತೆಯಿಂದ ಕಬ್ಬಿನ ಹೊಲ ನೋಡುತ್ತ ಕೂತಿದ್ದಳು. ನಾನು ಕಾರಕೂನ ನೋಡಿ. ಯಾವ ಹುದ್ದೆಗೆ ಯಾರ ಹೆಸರು ಬೀಳುತ್ತದೆ ಎಂಬ ಚಿಂತೆ ನನ್ನನ್ನು ರಜೆಯಲ್ಲೂ ಬಿಡುವುದಿಲ್ಲ.

ಹತ್ತರಗಿಯ ಮನೆ ತುಂಬಿದ ಮನೆ. ಭೀಮಶಿಯ ತಮ್ಮ ಲಗಮಣ್ಣ, ಅವನ ಹೆಂಡತಿ, ಮಕ್ಕಳು, ಹಿತ್ತಲಲ್ಲಿ ಕುರಿ. ಸವಿತಾ ಮೊದಲೇ ಫೋನು ಮಾಡಿ ತಿಳಿಸಿದ್ದಳಂತೆ. ನಂಬರು ಎಲ್ಲಿಂದ ಸಿಕ್ಕಿತೋ ನಾನು ಕೇಳಲಿಲ್ಲ. ಲಗಮಣ್ಣ ಹೊರಗೆ ಬಂದು, "ಬರ್ರಿ ಅಣ್ಣಾರ" ಎಂದು ಕೈಕಾಲಿಗೆ ನೀರು ಕೊಟ್ಟ. ಭೀಮಶಿಯ ತಾಯಿ ಸತ್ತೆವ್ವ ಕಟ್ಟೆಯ ಮೇಲೆ ಕೂತಿದ್ದಳು. ಮೊಮ್ಮಗಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಇಷ್ಟ ಎತ್ತರ ಬೆಳದೀ. ನಮ್ಮನ್ಯಾಗ ಯಾರೂ ಇಷ್ಟ ಎತ್ತರಿಲ್ಲ" ಎಂದು ಕೈಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು. ಹಿಡಿದ ಕೈ ಬಿಡಲಿಲ್ಲ. ನನ್ನ ಕಡೆ ನೋಡಲಿಲ್ಲ.

ಚಹಾ ಬಂತು. ಸವಿತಾ ಕೇಳಿದಳು, "ಆಯಿ, ನಿಮ್ಮ ಮಗ ಹೆಂಗಿದ್ರು?"

ಸತ್ತೆವ್ವನ ಮುಖ ಗಂಟಿಕ್ಕಿತು. "ನಿಮ್ಮ ಮಗ ಅಂತೀಯೇನ? ನಿನಗೇನೂ ಆಗಬೇಕಾಗಿಲ್ಲೇನು ಅಂವಾ?"

ಸವಿತಾ ನನ್ನ ಕಡೆ ತಿರುಗಿದಳು. ಅವಳು ಆ ಮಾತನ್ನು ಆರಿಸಿಕೊಂಡದ್ದು ನನ್ನ ಸಲುವಾಗಿ ಎಂದು ಆಗ ತಿಳಿಯಿತು. ಬಸ್ಸಿನಲ್ಲಿ ಕಬ್ಬು ನೋಡುತ್ತಿದ್ದವಳ ತಲೆಯಲ್ಲೂ ಅದೇ ಶಬ್ದವೇ ಇತ್ತು. ಇಪ್ಪತ್ತು ವರ್ಷದ ಹುಡುಗಿ ಒಂದು ಕಡೆ ನನ್ನನ್ನೂ ಒಂದು ಕಡೆ ಈ ಮುದುಕಿಯನ್ನೂ ಹಿಡಿದುಕೊಂಡು ನಡುವೆ ಸಿಕ್ಕಿಕೊಂಡಿದ್ದಳು. ನಾನೇ ಹೇಳಿದೆ.

"ನಿಮ್ಮಪ್ಪ ಹೆಂಗಿದ್ದ ಅಂತ ಕೇಳವ್ವಾ. ಅದರಾಗೇನೈತಿ."

ಸತ್ತೆವ್ವ ಮೊದಲ ಸಲ ನನ್ನ ಕಡೆ ನೋಡಿದಳು. ನೋಡಿ, "ಚಹಾ ಆರಾಕತ್ತೈತಿ, ಕುಡೀರಿ" ಎಂದಳು.

ಸವಿತಾ ಸೊಲ್ಲು ಸರಿಮಾಡಿಕೊಂಡು ಮತ್ತೆ ಕೇಳಿದಳು: "ಆಯಿ, ಹತ್ತರಗಿ ಅಪ್ಪ ಹೆಂಗಿದ್ದ?"

ಅಷ್ಟೇ. ಎಲ್ಲರೂ ಅದನ್ನು ಒಪ್ಪಿಕೊಂಡರು. ನಾನು ಮೂಡಲಗಿ ಅಪ್ಪನ ಹುದ್ದೆಗೆ ವರ್ಗವಾದೆ.

ಮುದುಕಿ ಹೇಳತೊಡಗಿದಳು, ಲಗಮಣ್ಣ ನಡುನಡುವೆ ತಿದ್ದಿದ. ಭೀಮಶಿ ಕುರುಬರ ಮನೆಯಲ್ಲಿ ಹುಟ್ಟಿಯೂ ನಾಯಿಗೆ ಅಂಜುತ್ತಿದ್ದನಂತೆ. ಅದಕ್ಕೇ ಕುರಿ ಬಿಟ್ಟು ಹೆದ್ದಾರಿಯ ಬಾಜೂ ಪಂಕ್ಚರ್ ಅಂಗಡಿ ಹಾಕಿದ. ಕೆಲಸ ನಿಧಾನ, ಮಾತು ಭಾಳ. ಲಾರಿಯವರು ಚಕ್ರ ಬಿಚ್ಚಿಸಿಕೊಂಡು ಇವನ ಕೈಗೆ ಸಿಕ್ಕರೆ ಊರು ಮುಟ್ಟುವುದು ತಡವಾಗುತ್ತಿತ್ತು. ಮಗಳು ಹುಟ್ಟಿದ ದಿನ ಒಂದು ಲಾರಿ ಬಂದಿತ್ತಂತೆ. ಅದರ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸವಿತಾ' ಎಂದು ಬರೆದಿತ್ತು. "ಅಕ್ಷರ ಭಾಳ ಚಂದ ಅದಾವ" ಎಂದು ಮನೆಗೆ ಬಂದು ಅದೇ ಹೆಸರಿಡಿಸಿದ.

ಇದನ್ನು ಕೇಳಿ ಸವಿತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೋ, ಸವಿತಾ ಅಂದರೆ ಸೂರ್ಯ ಎಂದು ಹದಿನೈದು ವರ್ಷ ಮಂದಿಗೆಲ್ಲ ಅರ್ಥ ಬಿಡಿಸಿ ಹೇಳಿಕೊಂಡು ತಿರುಗಿದ್ದೆ. ಒಂದು ಲಾರಿಯ ಹೆಸರು ಅದು. ಕಾರಣ ಗೊತ್ತಾದದ್ದರಿಂದ ಹೆಸರು ಕೆಡಲಿಲ್ಲ. ನನಗೂ ನಗು ತಡೆಯಲಿಲ್ಲ.

ಹೊರಡುವ ಮುಂಚೆ ಲಗಮಣ್ಣ ಒಳಗಿನ ಗೋಡೆಯ ಮೇಲಿದ್ದ ಫೋಟೋ ತೋರಿಸಿದ. ನಾನು ಇಷ್ಟು ವರ್ಷ ಭೀಮಶಿಯನ್ನು ಒಂದು ರೀತಿ ಊಹಿಸಿಕೊಂಡಿದ್ದೆ: ಎತ್ತರದ ಆಳು, ದಟ್ಟ ಮೀಸೆ, ನನಗಿಂತ ಎಲ್ಲದರಲ್ಲೂ ಒಂದು ಕೈ ಮೇಲು. ಫೋಟೋದಲ್ಲಿ ಒಬ್ಬ ಹುಡುಗನಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕಿವಿ ಸ್ವಲ್ಪ ಮುಂದಾಗಿ, ಯಾರೋ ಹೇಳಿದ ಮಾತಿಗೆ ನಗು ತಡೆದುಕೊಂಡು ನಿಂತಿದ್ದ. ಸವಿತಾಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಿರಬಹುದು, ಅಷ್ಟೆ. ನಮ್ಮ ಕಾಲೇಜಿನ ಕಿಟಕಿಗೆ ಬಂದು, "ಸರ್, ಒಂದು ಸಹಿ ಬೇಕಾಗಿತ್ರಿ" ಎಂದು ನಿಲ್ಲುವ ಹುಡುಗರ ಪೈಕಿ. ಅವನು ಅಲ್ಲಿಯೇ ನಿಂತುಬಿಟ್ಟಿದ್ದ. ನಾನು ಮುಂದೆ ಬಂದು ಮುದುಕನಾಗುತ್ತಿದ್ದೆ. ಇವನಿಗೆ ಅಂಜಿದೆನೇ ಇಷ್ಟು ದಿನ ಎನಿಸಿತು. ತನ್ನ ಮಗಳು ಇಷ್ಟೆತ್ತರ ಬೆಳೆದದ್ದನ್ನು ಅವನು ನೋಡಲಿಲ್ಲವಲ್ಲ ಎಂದು, ಅದುವರೆಗೆ ಒಮ್ಮೆಯೂ ಆಗದಿದ್ದ ಸಂಕಟ ಆಗ ಆಯಿತು.

ಬಸ್ಸಿನಲ್ಲಿ ಸವಿತಾ ಕೇಳಿದಳು, "ಈಗ ಹೇಳು. ಹಿಂದಿನ ಕತಿ ಹಳೇದರಷ್ಟ ಚಲೋ ಇತ್ತೋ ಇಲ್ಲೋ?"

"ಕರಡಿದಾ?"

"ಯಾವದರ ಹೇಳು."

"ಕರಡಿದು ಇಲ್ಲ" ಎಂದೆ. ಅವಳು ಮುಂದೆ ಕೇಳಲಿಲ್ಲ. ಸಿನಿಮಾದವರ ತಪ್ಪೇನೆಂದು ನನಗೀಗ ಇನ್ನೂ ಸ್ಪಷ್ಟವಾಗಿದೆ. ಅವರು ನೀರುನಾಯಿಯನ್ನು ಕರಡಿಗೆ ಕಾರಣವಾಗಿ ಮಾತ್ರ ಇಟ್ಟರು. ಭೀಮಶಿ ಯಾವುದಕ್ಕೂ ಕಾರಣವಲ್ಲ. ಅವನು ನಾಯಿಗೆ ಅಂಜಿದ್ದರಿಂದ ನನ್ನ ಬದುಕಿನಲ್ಲಿ ಏನೂ ಬಗೆಹರಿಯುವುದಿಲ್ಲ. ಅವನು ಇದ್ದ, ಅಷ್ಟೆ.

ಮನೆ ಮುಟ್ಟಿದಾಗ ಕಸ್ತೂರಿ, "ಅತ್ತಿ ಆರಾಮ ಅದಾರ?" ಎಂದಷ್ಟೇ ಕೇಳಿದಳು. ಆರಾಮ ಅದಾರ ಎಂದೆ. ಆಮೇಲೆ ಹಲವು ವಾರ ಆ ಮಾತೇ ಬರಲಿಲ್ಲ. ಸವಿತಾ ಮಾತ್ರ ಹಾಸ್ಟೆಲಿನಿಂದ ಹತ್ತರಗಿಗೆ ಆಗೀಗ ಹೋಗಿಬರುತ್ತಾಳೆ.

ನಿನ್ನೆ ಸಂಜೆ ಆಫೀಸಿನಿಂದ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಯಾರೂ ಕೇಳದೆಯೇ ಅವಳೆಂದಳು, "ಭೀಮಶಿಗೆ ರೊಟ್ಟಿ ಕಟಕ್ ಆಗಬೇಕಿತ್ತು. ಮೆತ್ತಗಾದ್ರ ಹೊಳ್ಳಿ ಹಂಚಿನ ಮ್ಯಾಲ ಹಾಕ ಅಂತಿದ್ದ."

ಆ ಹೆಸರನ್ನು ಅವಳ ಬಾಯಿಂದ ನನ್ನೆದುರಿಗೆ ಕೇಳಿದ್ದು ಅದೇ ಮೊದಲು. ಬಡಿಯುವ ಕೈ ನಿಂತಿರಲಿಲ್ಲವಾದರೂ ಸಾವಕಾಶವಾಗಿತ್ತು. ಅವಳು ಕಾಯುತ್ತಿದ್ದಳು.

"ಹೊಳ್ಳಿ ಹಾಕಿದ್ರ ಸೊಟ್ಟಾಗಂಗಿಲ್ಲೇನು?" ಎಂದು ಕೇಳಿದೆ.

"ಆಗ್ತಾವು. ಅಂವಗ ಹಂಗ ಸೇರ್ತಿದ್ವು" ಎಂದಳು.

ನಾನು ಮಣೆ ಎಳೆದುಕೊಂಡು ಒಲೆಯ ಹತ್ತಿರ ಕೂತೆ. ಅವಳು ಮುಂದಿನದನ್ನು ಹೇಳತೊಡಗಿದಳು.