ಹಿಂದಿನ ಸೀಟಿನ ಉಪಗ್ರಹ

ಅಂದು ಮಾವನ ಕಾರು ಚೆಂಡುಹೂವಿನ ಹೊಲಕ್ಕೆ ನುಗ್ಗಿದ್ದರಲ್ಲಿ ಆಕಾಶದ ಯಾವ ಉಪಗ್ರಹದ ತಪ್ಪೂ ಇರಲಿಲ್ಲ. ತಪ್ಪೆಲ್ಲ ನನ್ನ ಗಂಟಲಿನದು. ಇವತ್ತು ಬೇಗೂರಿನಲ್ಲಿ ಕಟ್ಟಿಸಿಕೊಂಡ ಬಜ್ಜಿಯ ವಾಸನೆ ಅದೇ ಕಾರನ್ನು ತುಂಬಿತ್ತು. ಫೋನು "ಎಡಕ್ಕೆ ತಿರುಗಿ" ಎಂದಿತು. ಮಾವ ತಿರುಗಿಸಲಿಲ್ಲ. ಬ್ರೇಕ್ ಹಾಕಿ, ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದರು. ಅವರ ಅನುಮಾನಕ್ಕೆ ಕಾರಣವಿದೆ, ಕೇಳಿ.

ನನ್ನ ಈ ಸೋದರಮಾವ ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾದವರು. ನನ್ನ ಚಾಳಿ ಕಂಡವರ ದನಿ ಕದಿಯುವುದು. ಕಂಡಕ್ಟರು, ಮೇಷ್ಟ್ರು, ಅತ್ತೆ, ಯಾರನ್ನೂ ಬಿಟ್ಟವನಲ್ಲ. ಈ ಗಲಾಟೆಯಲ್ಲಿ ನನ್ನ ಸ್ವಂತ ದನಿ ಯಾವುದೆಂದೇ ಮರೆತಿದ್ದೇನೆ.

ಅಂದು ನನಗೆ ಹೆಣ್ಣು ನೋಡಲು ಗುಂಡ್ಲುಪೇಟೆಯಿಂದ ಹರವೆಗೆ ಹೊರಟಿದ್ದೆವು. ಹುಡುಗಿ ಮಧ್ಯಾಹ್ನದ ಬಸ್ಸಿಗೆ ಮೈಸೂರಿನ ಕೆಲಸಕ್ಕೆ ವಾಪಸಾಗಬೇಕಿತ್ತು. ತಡವಾದರೆ ಸಂಬಂಧವೂ ಬಸ್ಸು ಹತ್ತಿದಂತೆಯೇ. ದಾರಿಯುದ್ದಕ್ಕೂ ಮಾವನ ಪಾಠ.

"ಈ ಮ್ಯಾಪು ಆಟದ ಸಾಮಾನಲ್ಲ ಕಣ್ಲಾ. ಮೊದ್ಲು ಮಾಡ್ದೋರೇ ಮಿಲಿಟ್ರಿಯೋರು. ಪರದೇಸದೋರ ಉಪಗ್ರಹ ನಂಬ್ಕಂಡ್ರೆ, ಯುದ್ಧದ ಟೈಮಲ್ಲಿ ಕೊಡಾಕಿಲ್ಲ ಅಂದ್ರೆ ಏನ್ಮಾಡೀಯೆ? ಅದ್ಕೇ ನಮ್ಮೋರು ನಮ್ದೇ ಉಪಗ್ರಹ ಮ್ಯಾಕೆ ಆರ್ಸವ್ರೆ."

"ಆಮೇಲೆ ಭಯ ಇಲ್ವಾ ಮಾವ?"

"ಯಾಕಿಲ್ಲ? ಗದ್ಲ ಎಬ್ಬಿಸಿ ಸಿಗ್ನಲ್ ಬಾಯಿ ಮುಚ್ಸಬೌದು. ಇಲ್ಲಾಂದ್ರೆ ಅದ್ರಂಗೇ ಸುಳ್ಳು ಸಿಗ್ನಲ್ ಬುಟ್ಟು ಇಮಾನಾನೇ ದಾರಿ ತಪ್ಪಿಸ್ಬೌದು. ನನ್ನಂಥೋನ್ನ ಯಾಮಾರ್ಸಕ್ಕಾಗಾಕಿಲ್ಲ ಬುಡು."

ಇಷ್ಟು ಕೇಳಿದ ಮೇಲೂ ಸುಮ್ಮನಿರುವ ಗಂಟಲೇ ನನ್ನದು? ಹಿಂದಿನ ಸೀಟಿನಿಂದ, ಫೋನಿನ ಹೆಂಗಸಿನ ದನಿಯಲ್ಲೇ "ಬಲಕ್ಕೆ ತಿರುಗಿ" ಎಂದೆ. ಮಾವ ಪರದೆ ನೋಡದೆ, ದನಿ ನಂಬಿ ತಿರುಗಿಸಿಯೇಬಿಟ್ಟರು! ಚೆಂಡುಹೂವಿನ ಹೊಲದ ಹಸಿ ಮಣ್ಣಿನಲ್ಲಿ ಚಕ್ರ ಹೂತುಹೋಯಿತು. ನಾನು ಕಿಸಕ್ಕೆಂದು ನಕ್ಕಾಗಲೇ ಶತ್ರು ಯಾರೆಂದು ಅವರಿಗೆ ಗೊತ್ತಾದದ್ದು.

ಟ್ರ್ಯಾಕ್ಟರಿನಿಂದ ಎಳೆಸಿಕೊಂಡು ಹರವೆ ಮುಟ್ಟಿದಾಗ ಹುಡುಗಿ ಬ್ಯಾಗು ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ನನ್ನ ನಗೆಯೆಲ್ಲ ಇಂಗಿಹೋಯಿತು. "ಸಿಗ್ನಲ್ ಕೈಕೊಡ್ತು ಕಣಮ್ಮಿ" ಎಂದು ಮಾವ ನನ್ನ ಮಾನ ಕಾಯಲು ನೋಡಿದರು. ಅಷ್ಟು ದೊಡ್ಡ ಮನಸ್ಸಿನ ಎದುರು ನನಗೆ ತಡೆಯಲಾಗಲಿಲ್ಲ. ಅದೇ ಫೋನಿನ ದನಿಯಲ್ಲಿ, "ಕ್ಷಮಿಸಿ, ಇವರ ದಾರಿ ತಪ್ಪಿಸಿದ್ದು ನಾನೇ" ಎಂದೆ. ಅವಳು ಬಗ್ಗಿ ಬಗ್ಗಿ ನಕ್ಕಳು. ಬಸ್ಸು ಬಂತು, ಹೋಯಿತು; ಅವಳು ಹತ್ತಲಿಲ್ಲ.

ಇವತ್ತು ಅವಳೇ ನನ್ನ ಹೆಂಡತಿಯಾಗಿ, ಬಜ್ಜಿ ಪೊಟ್ಟಣ ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಮಾವ ಹಿಂದೆ ತಿರುಗಿ ಅವಳನ್ನೇ ಕೇಳಿದರು: "ಈ ಎಡಕ್ಕೆ ಅನ್ನೋ ಮಾತು ಮ್ಯಾಲಿಂದ ಬಂತೋ, ಹಿಂದ್ಲ ಸೀಟಿಂದ ಬಂತೋ, ನೋಡಿ ಯೋಳಮ್ಮಿ."

ನನ್ನ ಪರವಾಗಿ ನಾನೇ ವಾದಿಸುವ ಸ್ಥಿತಿಯಲ್ಲಿರಲಿಲ್ಲ.

"ಮ್ಯಾಲಿಂದಾನೇ ಮಾವ, ಧೈರ್ಯವಾಗಿ ತಿರುಗ್ಸಿ" ಎಂದಳು. "ಇವ್ರ ಬಾಯಿಗೆ ಎರಡು ಬಜ್ಜಿ ತುರ್ಕಿವ್ನಿ. ಈ ಸಿಗ್ನಲ್ ಆಗ್ಲೇ ಬಂದ್."