ಸೀರೆ ಉಟ್ಟ ವಿಮಾನದ ಹುಡುಗಿ

ಶರಣಮ್ಮ, ನಿನ್ನ ಕೆಲಸ ಬಿಡಿಸಿದವಳು ನಾನು. ನಿನ್ನ ಅತ್ತೆಗೆ ಚಾಡಿ ಹೇಳಿದವಳು ಈ ರೆಹಾನಾ — ನೀನು ಬಾಯಿ ತುಂಬ ಅಕ್ಕಾ ಎಂದು ಕರೆಯುತ್ತಿದ್ದವಳು.

ಆಳಂದದ ಬಸ್ ನಿಲ್ದಾಣದ ಹಿಂದಿನ ಕಸೂತಿ ಅಂಗಡಿಯಲ್ಲಿ ನಿನಗೆ ಮಷೀನು ಕಲಿಸಿದ್ದೇ ನಾನು. ಕಲಬುರಗಿಯ ಬೈಕ್ ಹುಡುಗರು ಜಾಕೆಟ್ಟಿಗೆ ಹಚ್ಚಲು ಕಸೂತಿಯ ಪ್ಯಾಚ್ ಬೇಕೆಂದು ನನ್ನ ಮೊಬೈಲಿಗೆ ಚಿತ್ರ ಕಳಿಸಿದ್ದರಲ್ಲ — ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ವಿಮಾನದ ಮೂತಿಗೆ, ಜಾಕೆಟ್ಟಿನ ಬೆನ್ನಿಗೆ ಬರೆಸಿಕೊಳ್ಳುತ್ತಿದ್ದಂಥ ಹುಡುಗಿಯದು. ಮೈಮೇಲೆ ತುಂಡು ಬಟ್ಟೆ, ಕೂತದ್ದು ಬಾಂಬಿನ ಮೇಲೆ. ನಾನು ಚಿತ್ರದಲ್ಲಿದ್ದ ಹಾಗೇ ಹೊಲಿದೆ, ಮುಖ ಗೊಂಬೆಯದಾಯಿತು. ನೀನು ನಕ್ಕು, 'ಪಾಪ, ಇಕಿಗಿ ಥಂಡಿ ಹತ್ಯಾದ ನೋಡಕ್ಕಾ' ಎಂದೆ. ನೀನು ಹೊಲಿಯುವಾಗ ಅವಳಿಗೆ ಇಳಕಲ್ ಸೀರೆ ಉಡಿಸಿ, ಬಾಂಬು ತೆಗೆದು ತೊಗರಿ ಚೀಲದ ಮೇಲೆ ಕೂರಿಸಿದೆ.

ಹುಡುಗರು ಕುಣಿದಾಡಿದರು. 'ಇಂಥಾವೇ ಬೇಕ್ರಿ. ಆ ಸಣ್ಣ ಅಕ್ಕನ ಕೈಲೇ ಹೊಲಸ್ರಿ' ಎಂದು ನನ್ನ ಎದುರಿಗೇ ಮಾಲೀಕರಿಗೆ ಹೇಳಿದರು. ಹೊಟ್ಟೆ ಉರಿಯಿತು ಶರಣಮ್ಮ.

ಸಂತೆಯಲ್ಲಿ ನಿನ್ನ ಅತ್ತೆ ಸಿಕ್ಕರು. 'ನಿಮ್ಮ ಸೊಸಿ ಎಂಥಾವು ಹೊಲ್ಯಾಕತ್ತಾಳ ನೋಡ್ರಿ. ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ' ಎಂದೆ. ತೋರಿಸಿದ್ದು ಮೊಬೈಲಿನ ಆ ಅರೆಬತ್ತಲೆ ಚಿತ್ರವನ್ನು. ಮರುದಿನ ಅವರು ಅಂಗಡಿಗೇ ಬಂದು ಕೂಗಾಡಿದಾಗ, ನೀನು 'ಇಲ್ರಿ ಅತ್ತಿ, ನಾ ಮೈತುಂಬ ಸೀರಿ ಉಡಸೀನ್ರಿ, ತೋರಸ್ತೇನಿ ತಡೀರಿ' ಎಂದು ಅಳುತ್ತ ಉಳಿದಿದ್ದ ಒಂದೇ ಪ್ಯಾಚಿಗಾಗಿ ಹುಡುಕಿದೆ. ಅದು ನನ್ನ ಚೀಲದಲ್ಲಿತ್ತು. ಬೇಕೆಂದೇ ಬಚ್ಚಿಟ್ಟಿದ್ದೆ. ಬಚ್ಚಿಟ್ಟು — ನಿನ್ನ ಜೊತೆ ಕೂತು ನಾನೂ ಹುಡುಕಿದೆ.

ಅಂದಿನಿಂದ ನೀನು ನರೋಣಾದ ಮನೆ ಬಿಟ್ಟು ಬಸ್ ಹತ್ತಲಿಲ್ಲ. ವರ್ಷಗಳಾದವು. ನಿನ್ನ ಪ್ಯಾಚ್ ನೋಡಿಕೊಂಡೇ ಈಗ ನಾನು ಹೊಲಿಯುತ್ತೇನೆ. ಜೇವರ್ಗಿ, ಅಫಜಲಪುರದಿಂದಲೂ ಹುಡುಗರು ಕೇಳಿಕೊಂಡು ಬರುತ್ತಾರೆ. ಯಾರು ಯೋಚಿಸಿದ್ದು ಎಂದರೆ ನಾನೇ ಎನ್ನುತ್ತೇನೆ. ಆದರೆ ನಿನ್ನವಳ ತುಟಿಯಲ್ಲಿದ್ದ ಆ ನಗು — ಎಷ್ಟು ಬಿಚ್ಚಿ ಹೊಲಿದರೂ ನನ್ನವಳಿಗೆ ಬರುವುದಿಲ್ಲ. ನಿನ್ನನ್ನು ಓಡಿಸಿದರೂ ಹೊಟ್ಟೆಕಿಚ್ಚು ಹೋಗಲಿಲ್ಲ. ಈಗಲೂ ಇದೆ, ಸುಳ್ಳು ಹೇಳಲಾರೆ.

ಶುಕ್ರವಾರ ನರೋಣಾಕ್ಕೆ ಬರುತ್ತೇನೆ. ಕದ್ದ ಆ ಪ್ಯಾಚನ್ನು ನಿನ್ನ ಅತ್ತೆಯ ಕೈಗಿಟ್ಟು, ನಿಮ್ಮ ಸೊಸೆ ಹೊಲಿದದ್ದು ಇದನ್ನು, ಮೋಸ ಮಾಡಿದವಳು ನಾನು ಎಂದು ನೀನು ಕೇಳುವಂತೆ ಹೇಳುತ್ತೇನೆ. ನೀನು ಮತ್ತೆ ಮಷೀನಿಗೆ ಕೂತರೆ ನನ್ನ ಕೆಲಸವನ್ನು ಯಾರೂ ಕೇಳುವುದಿಲ್ಲ. ಗೊತ್ತು. ಆದರೂ ಬರುತ್ತೇನೆ.