ತಾನಾಗಿ ಹೊರಡುವ ನಕ್ಷೆಗಳು

ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಇದ್ದದ್ದು ಆಕೆ ಒಬ್ಬಳೇ. ಬೆಳಕು ಹರಿಯುವಷ್ಟರಲ್ಲಿ ಬಂದು, ಪೈಪು ಸೋರುವ ದೂರುಗಳನ್ನು ಬಡಾವಣೆವಾರು ನಕ್ಷೆಗಳಾಗಿ ಕಂಪ್ಯೂಟರಿನಿಂದ ತೆಗೆದು, ಅಗೆಯುವ ತಂಡಗಳಿಗೆ ಕಳಿಸಬೇಕು. ತೆರೆ, ಉಳಿಸು, ಮುಚ್ಚು, ಮತ್ತೆ ಮುಂದಿನದು. ವರ್ಷಗಳಿಂದ ಇದೇ ಗಾಣದೆತ್ತಿನ ಸುತ್ತು. ಮಣಿಕಟ್ಟು ಸೋತುಹೋಗಿತ್ತು.

ಅತ್ತೆಗೆ ಪಾರ್ಶ್ವವಾಯು ಬಡಿದ ಮೇಲೆ ಮುಂಜಾವು ಇನ್ನೂ ಭಾರವಾಯಿತು. ಗಂಡ ಬಸ್ ಚಾಲಕ, ನಸುಕಿಗೇ ಹೊರಡುವವನು. ಅತ್ತೆಗೆ ಉಣಿಸಿಯೇ ಇವಳು ಹೊರಡಬೇಕು. ಒಂದು ದಿನ ಇವಳ ಅವಸರಕ್ಕೆ ತುತ್ತು ಗಂಟಲಲ್ಲಿ ಸಿಕ್ಕಿ ಅತ್ತೆ ಉಸಿರಿಗೆ ಒದ್ದಾಡಿದರು. ಸುಧಾರಿಸಿಕೊಂಡು, “ನಿಧಾನ ಕಣಮ್ಮ, ನಾನೇನು ಎದ್ದು ಓಡಿಹೋಗ್ತೀನಾ?” ಎಂದು ತೊದಲಿದರು.

ಅವಳಿಗೆ ನಗು ಬರಲಿಲ್ಲ. ಊಟದ ಬಿಡುವಿನಲ್ಲಿ ಕೂತು, ತಪ್ಪುತ್ತಾ ತಿದ್ದುತ್ತಾ, ಕಂಪ್ಯೂಟರ್ ತಾನಾಗಿಯೇ ಈ ಕೆಲಸ ಮಾಡುವಂಥ ಒಂದು ಸ್ಕ್ರಿಪ್ಟ್ ಬರೆದಳು. ಇನ್ನು ಮುಂಜಾನೆ ಕಂಪ್ಯೂಟರೇ ನಕ್ಷೆಗಳನ್ನು ತೆಗೆದು ಕಳಿಸುತ್ತಿತ್ತು. “ನಕ್ಷೆ ಬಂದ್ರೆ ಸಾಕು, ನೀವು ನಿಧಾನಕ್ಕೆ ಬನ್ನಿ” ಎಂದರು ಮೇಲಧಿಕಾರಿ. ಅತ್ತೆ ಬೇಕಾದಷ್ಟು ಹೊತ್ತು ಅಗಿದು ಉಣ್ಣತೊಡಗಿದರು.

ಕೆಲವು ವಾರ ಕಳೆದು, ಪೈಪು ರಿಪೇರಿಯವನು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ.

“ಅಕ್ಕಾ, ಮೊನ್ನೆ ಮುಚ್ಚಿದ ಗುಂಡೀನೇ ಇವತ್ತೂ ಅಗೆದ್ವಿ. ನಮಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು ಜನ. ಆಚೆ ಬೀದಿ ಟೈಲರ್ ಅಂಗಡಿಗೆ ನೀರು ನುಗ್ಗಿದೆ, ಅದು ನಕ್ಷೇಲೇ ಇಲ್ಲ.”

ದೂರುಗಳ ಕಡತ ಎಲ್ಲೋ ಕೆಟ್ಟು, ಹೊಸ ದೂರು ಸೇರದೆ ನಿಂತಿತ್ತು. ಸ್ಕ್ರಿಪ್ಟ್ ಮಾತ್ರ ಹಳೆಯ ದೂರುಗಳಿಗೇ ಹೊಸ ತಾರೀಖು ಹಾಕಿ ನಿಷ್ಠೆಯಿಂದ ಕಳಿಸುತ್ತಿತ್ತು. ತಾನೇ ನಕ್ಷೆ ತೆಗೆಯುತ್ತಿದ್ದಾಗ ಕಣ್ಣಿಗೇ ಗೊತ್ತಾಗುತ್ತಿದ್ದ ಸಂಗತಿ.

“ಇನ್ಮೇಲೆ ಮೊದಲಿನ ಹಾಗೇ ಬೇಗ ಬನ್ನಿ,” ಎಂದರು ಅಧಿಕಾರಿ.

“ಬರ್ತೀನಿ ಸರ್. ಆದ್ರೆ ಮೊದಲು ಸ್ಕ್ರಿಪ್ಟ್ ಸರಿಮಾಡೋಕೆ ಸ್ವಲ್ಪ ದಿನ ಕೊಡಿ.” ವಾದಿಸುವ ತ್ರಾಣ ಅವಳಲ್ಲಿರಲಿಲ್ಲ.

ಸಂಜೆ ಟೈಲರ್ ಅಂಗಡಿಗೆ ಹೋದಳು. ಬಟ್ಟೆಯ ಥಾನುಗಳು ನೆನೆದು ಬಿದ್ದಿದ್ದವು. “ತಪ್ಪು ನಮ್ಮ ಕಚೇರೀದು... ನಂದೇ,” ಎಂದಳು. ಟೈಲರ್ ಅವಳ ಮುಖವನ್ನೂ ನೋಡದೆ, “ಆ ತುದಿ ಹಿಡ್ಕೊಳ್ಳಿ” ಎಂದ. ಇಬ್ಬರೂ ಬಟ್ಟೆ ಹಿಂಡಿದರು. ಮಣಿಕಟ್ಟು ಕಿತ್ತುಬರುವಂತೆ ನೋಯುತ್ತಿತ್ತು, ಬಿಡಲಿಲ್ಲ.

ಆಮೇಲೆ ಸ್ಕ್ರಿಪ್ಟಿಗೆ ಹೊಸ ಕಟ್ಟಳೆ ಬರೆದಳು: ದೂರುಗಳು ಹಳೆಯವಾದರೆ ಏನನ್ನೂ ಕಳಿಸದೆ ನನಗೆ ತಿಳಿಸು. ಒಂದು ಮುಂಜಾನೆ ಅತ್ತೆಗೆ ತುತ್ತಿಡುವ ನಡುವೆಯೇ ಫೋನು ಸದ್ದು ಮಾಡಿತು. ಮಂಚದ ಪಕ್ಕದಿಂದಲೇ ದೂರು ವಿಭಾಗದವರನ್ನು ಎಬ್ಬಿಸಿ ಕಡತ ಸರಿಮಾಡಿಸಿದಳು. ನಕ್ಷೆಗಳು ತುಸು ತಡವಾಗಿ ಹೊರಟವು, ಸರಿಯಾಗಿ ಹೊರಟವು.

ಬೇಗ ಬರಬೇಕೆಂಬ ಮಾತನ್ನು ಅಧಿಕಾರಿ ಮತ್ತೆ ಎತ್ತಲಿಲ್ಲ, ಹಿಂತೆಗೆದುಕೊಳ್ಳಲೂ ಇಲ್ಲ. ಅವಳೂ ಕೇಳಲಿಲ್ಲ. ಅತ್ತೆಯ ಬಾಯಿ ಒರೆಸಿ, ಬಟ್ಟಲು ತೊಳೆದಿಟ್ಟು, ತನ್ನ ಹೊತ್ತಿಗೆ ಕಚೇರಿಗೆ ಹೊರಟಳು.